ಅರವತ್ತು ಸುತ್ತಿನ ಉಂಗುರ

ಶಿವಲೀಲಾ, ಬಸವರಾಜ, ಇಬ್ಬರೂ ಕೂಡಿ ಕುಳಿತು ಓದಿರಿ. ನೀವು ಮರಾಠಿ ಶಾಲೆಯ ಮಕ್ಕಳು. ಒತ್ತಕ್ಷರ ಬಂದಲ್ಲೆಲ್ಲ ಬಸು ಎಡವುತ್ತಾನೆ, ಶಿವಲೀಲಾ ಊಹಿಸಿಕೊಂಡು ಮುಂದೆ ಓಡುತ್ತಾಳೆ. ಎಡವಿದರೆ ಅಡ್ಡಿಯಿಲ್ಲ, ಓಡಬೇಡಿ. ನಾನು ಮೈಂದರ್ಗಿಯ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತವಳು. ನಾಲ್ಕು ಜನರ ಮುಂದೆ ಬಾಯಿ ತೆಗೆಯುವುದು ನನ್ನಿಂದ ಇಂದಿಗೂ ಆಗದು. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ತಿಂಗಳು ಬಾವಿಯ ಮೋಟರು ಸುಟ್ಟಾಗ ಬಸು ಅದನ್ನು ಅಕ್ಕಲಕೋಟೆಯ ರಿವೈಂಡಿಂಗ್ ಅಂಗಡಿಗೆ ಒಯ್ದ. ದೇವರ ದರ್ಶನ ಮುಗಿಸಿ ನಾನೂ ಅಲ್ಲಿಗೆ ಹೋಗಿ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕುಳಿತೆ. ಒಳಗಿಂದ ವಾರ್ನಿಷಿನ ವಾಸನೆ ಬಂತು. ಅರಗು, ಸ್ಪಿರಿಟ್ಟು, ಕಾದ ತಾಮ್ರ ಎಲ್ಲ ಕೂಡಿದ ವಾಸನೆ ಅದು. ಐವತ್ತು ವರ್ಷದ ಹಿಂದಿನ ಬೇಸಿಗೆಯೊಂದು ಎದ್ದು ಬಂದು ನನ್ನ ಮಗ್ಗುಲಲ್ಲಿ ಕುಳಿತ ಹಾಗಾಯಿತು. ಆ ಮೆಕ್ಯಾನಿಕ್ ಹುಡುಗ ಇಕ್ಕಳದಂಥ ಒಂದು ಮೀಟರು ತೆಗೆದು, ಅದರ ಬಾಯಲ್ಲಿ ವಾಯರನ್ನು ಹಿಡಿದು ಅಂಕಿ ನೋಡುತ್ತಿದ್ದ. ನನಗೆ ತಡೆಯಲಾಗಲಿಲ್ಲ.

"ತಮ್ಮಾ, ಆ ಬಾಯಾಗ ವಾಯರು ಎಷ್ಟು ಸಲ ಹಾಯ್ದದ?" ಎಂದು ಕೇಳಿದೆ.

ಅವನು ತಿರುಗಿ ನನ್ನ ಬಿಳಿ ತಲೆಯನ್ನೂ ಬರಿಗಾಲನ್ನೂ ನೋಡಿದ. "ಒಂದ ಸಲ ರೀ ಆಯಿ. ಯಾಕ್ರಿ?"

"ಏನಿಲ್ಲಪ್ಪಾ."

ಬಸ್ಸಿನಲ್ಲಿ ಬಸು ಬಿಡಲಿಲ್ಲ. "ಅಜ್ಜಿ, ನಿನಗ ಇದೆಲ್ಲಾ ಹ್ಯಾಂಗ ಗೊತ್ತು?" ಎಂದು ಮನೆ ಬರುವ ತನಕ ಕೇಳಿದ. ಉತ್ತರ ಇಲ್ಲಿದೆ, ಬಸು.

ನಿಮ್ಮ ಅಪ್ಪ ಅಂಬೆಗಾಲಿಡುತ್ತಿದ್ದ ವರ್ಷ ಅದು. ಇಂಗ್ಲಿಷರ ಕಾಲ. ಸೊಲ್ಲಾಪುರದಲ್ಲಿ ನಾವಿದ್ದದ್ದು ಒಂದು ಚಾಳಿನಲ್ಲಿ: ಒಂದು ಕೋಣೆ, ಒಂದು ಪಡಸಾಲೆ, ಎಂಟು ಮನೆಗೆ ಕೂಡಿ ಒಂದು ನಳ. ಗಿರಣಿಯ ಭೋಂಗಾ ಕೂಗಿದರೆ ಇಡೀ ಓಣಿ ಏಳುತ್ತಿತ್ತು. ನಿಮ್ಮ ಅಜ್ಜ ಆ ಗಿರಣಿಯ ಬಿಜಲಿ ಖಾತೆಯಲ್ಲಿ, ಅಂದರೆ ವಿದ್ಯುತ್ತಿನ ವಿಭಾಗದಲ್ಲಿ, ಇದ್ದರು. ಮನೆಯಲ್ಲಿ ನಾವು ಮೂವರು ಮತ್ತು ಕೂಸು. ಮೂರನೆಯವರು ನನ್ನ ಅತ್ತೆ. ಸೊಂಟದಲ್ಲಿ ಎಲೆ-ಅಡಿಕೆಯ ಚಂಚಿ, ಬಾಯಲ್ಲಿ ಸದಾ ಒಂದು ಮಾತು. ಆ ಮಾತು ಹೆಚ್ಚಾಗಿ ನನ್ನ ಮೇಲೆಯೇ ಇರುತ್ತಿತ್ತು.

ಅದೇ ವರ್ಷ ಗಿರಣಿಯವರು ಹಳೆಯ ಉಗಿಯ ಇಂಜಿನು ತೆಗೆದು ಒಂದು ಖಾತೆಗೆ ದೊಡ್ಡ ಬಿಜಲಿ ಮೋಟರು ಹಾಕಿದ್ದರು. ಛಾವಣಿಯ ಕೆಳಗೆ ಉದ್ದಕ್ಕೂ ಹೋದ ಒಂದು ಕಬ್ಬಿಣದ ಲಾಟನ್ನು ಆ ಮೋಟರು ತಿರುಗಿಸುತ್ತಿತ್ತು. ಲಾಟಿನಿಂದ ಇಳಿದ ಪಟ್ಟಿಗಳು ನೂಲುವ ಯಂತ್ರಗಳನ್ನು ತಿರುಗಿಸುತ್ತಿದ್ದವು. ಮೋಟರಿಗೆ ಎಷ್ಟು ಬಿಜಲಿ ಹರಿಯುತ್ತಿದೆ ಎಂದು ನೋಡುವುದು ನಿಮ್ಮ ಅಜ್ಜನ ಕೆಲಸ. ಹರಿವು ಹೆಚ್ಚಾದರೆ ಮೋಟರು ಸುಡುತ್ತದೆ.

ಆದರೆ ಅಷ್ಟು ದೊಡ್ಡ ಹರಿವನ್ನು ಒಂದು ಸಣ್ಣ ಮೀಟರಿನೊಳಗೆ ಬಿಡಲಾಗದು, ಮೀಟರೇ ಸುಟ್ಟು ಹೋಗುತ್ತದೆ. ಹಾಗಾದರೆ ಅಳೆಯುವುದು ಹೇಗೆ? ಇದನ್ನು ಅವರು ನನಗೆ ಒಂದು ಮಧ್ಯಾಹ್ನ ಊಟಕ್ಕೆ ಕುಳಿತಾಗ ಹೇಳಿಕೊಟ್ಟರು. ಆಗ ಪಕ್ಕದ ಮನೆಯ ಕಾಶವ್ವ ಶೇಂಗಾ ಹಿಂಡಿ ಕುಟ್ಟುತ್ತಿದ್ದಳು.

"ಗ್ವಾಡಿಗಿ ಬೆನ್ನು ಹಚ್ಚು," ಎಂದರು. ಗೋಡೆಗೆ ಬೆನ್ನು ಹಚ್ಚಿದೆ. "ಏನ್ ತಿಳೀತು?"

"ಕಾಶಕ್ಕ ಕುಟ್ಟಾಕತ್ತಾಳ."

"ನೀ ಒಳ್ಳು ಮುಟ್ಟೀಯೇನು? ಇಲ್ಲ. ಒಣಕಿ ಮ್ಯಾಲ ಕೆಳಗ ಆಡ್ತದ, ಗ್ವಾಡಿ ನಡಗ್ತದ, ನಿನ್ನ ಬೆನ್ನಿಗಿ ಗೊತ್ತಾಗ್ತದ. ಬಿಜಲೀನೂ ಹಾಂಗ. ದಪ್ಪ ತಂತಿಯಾಗ ಹಿಂದ ಮುಂದ ಆಡ್ತದ. ಅದರ ಸುತ್ತ ಒಂದು ಕಬ್ಬಿಣದ ಉಂಗುರ ಇಟ್ರ ಉಂಗುರಕ್ಕ ಗೊತ್ತಾಗ್ತದ. ಉಂಗುರಕ್ಕ ಸಣ್ಣ ತಂತಿ ಸುತ್ತಿದ್ರ ಅದರಾಗ ಸಣ್ಣ ಬಿಜಲಿ ಹರೀತದ. ಅರವತ್ತು ಸುತ್ತು ಸುತ್ತಿದ್ರ ಅರವತ್ತನೇ ಪಾಲು. ಅಷ್ಟು ಸಣ್ಣದನ್ನ ಮೀಟರು ತಾಳ್ತದ."

"ಕಾಶಕ್ಕ ಒಣಕಿ ಒತ್ತಿ ಹಿಡದು ನಿಂತ್ರ?"

ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಆಗ ಗ್ವಾಡಿಗಿ ಏನೂ ತಿಳಿಯೂದಿಲ್ಲ. ಒಂದ ಕಡಿ ಹರಿಯೋ ಬಿಜಲಿಗಿ ಈ ಉಂಗುರ ನಡಿಯೂದಿಲ್ಲ," ಎಂದರು. ಆ ದಿನದಿಂದ ಅವರು ಗಿರಣಿಯ ಕೆಲಸದ ಮಾತನ್ನು ನನ್ನ ಮುಂದೆ ಬಿಚ್ಚಿ ಆಡತೊಡಗಿದರು.

ಇನ್ನೊಂದು ಮಾತನ್ನೂ ಅವರು ನನ್ನಿಂದ ಮೂರು ಸಲ ಹೇಳಿಸಿದ್ದರು. ದಪ್ಪ ತಂತಿಯಲ್ಲಿ ಬಿಜಲಿ ಹರಿಯುತ್ತಿರುವಾಗ ಉಂಗುರದ ಸಣ್ಣ ತಂತಿಯನ್ನು ಮೀಟರಿನಿಂದ ಬಿಚ್ಚಕೂಡದು. ಬಿಚ್ಚಿದರೆ ಆ ಸಣ್ಣ ತಂತಿಯ ತುದಿಯಲ್ಲಿ ಮನುಷ್ಯನನ್ನು ಕೆಡವುವಷ್ಟು ಜೋರು ಏಳುತ್ತದೆ. ಆ ಬೇಸಿಗೆಯ ಮೊದಲಿಗೆ ಯಾರೋ ಹಾಗೆ ಬಿಚ್ಚಿಬಿಟ್ಟರು. ನೀಲಿ ಕಿಡಿ ಹಾರಿತು. ದೇವರು ದೊಡ್ಡವನು, ಮನುಷ್ಯ ಉಳಿದ. ವಿಲಾಯತಿಯಿಂದ ಬಂದ ಉಂಗುರದ ತಂತಿಯೆಲ್ಲ ಸುಟ್ಟು ಕರಿಯಾಯಿತು. ಪೆಟ್ಟಿಗೆಯೊಳಗೆ ಅದನ್ನು ಹಿಡಿದಿದ್ದ ಕಟ್ಟಿಗೆಯ ಬೆಣೆ ಸುಟ್ಟಿತು, ಅದರೊಳಗಿಂದ ಹಾಯ್ದ ದಪ್ಪ ಕೇಬಲ್ಲಿನ ರಬ್ಬರೂ ಸುಟ್ಟಿತು. ಹೊಸ ಉಂಗುರ ಹಡಗಿನಲ್ಲಿ ಬರಲು ಆರು ತಿಂಗಳು ಬೇಕು. ನಿಮ್ಮ ಅಜ್ಜ ಹೊಸದಾಗಿ ಬಂದಿದ್ದ ಮರಾಠಿ ಇಂಜಿನಿಯರ ಸಾಹೇಬರ ಮುಂದೆ, "ಕಬ್ಬಿಣ ಚೊಲೋ ಅದ, ನಾನೇ ಸುತ್ತಿ ಕೊಡ್ತೀನ್ರಿ" ಎಂದು ಹೇಳಿ ಉಂಗುರವನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ತಂದರು.

ನಮ್ಮ ಚಾಳಿನಲ್ಲಿ ಕುಳಿತು ಎಣಿಸುವುದು ಸಾಧ್ಯವೇ? ಅವರು ಹದಿನೇಳಕ್ಕೆ ಬಂದಾಗ ಕಾಶವ್ವ ಬಂದು ಉಪ್ಪು ಕೇಳಿದಳು. ಮತ್ತೆ ಮೊದಲಿನಿಂದ. ಮೂವತ್ತೆರಡಕ್ಕೆ ಬಂದಾಗ ಅತ್ತೆ, "ಅದೇನದು, ಎತ್ತಿನ ಕೊಳ್ಳಿಗಿ ಕಟ್ಟೂದೇನು?" ಎಂದರು. ಮತ್ತೆ ಮೊದಲಿನಿಂದ. ಮೂರನೆಯ ಸಲ ಅವರೇ ಉಂಗುರವನ್ನು ಚಾಪೆಯ ಮೇಲೆ ಒಗೆದು ತಲೆ ಹಿಡಿದುಕೊಂಡರು.

"ನಂಗ ಕೊಡ್ರಿ," ಎಂದೆ.

ಎಣಿಕೆ ನನಗೆ ಅಪ್ಪ ಕೊಟ್ಟ ವಿದ್ಯೆ. ಮೈಂದರ್ಗಿಯಲ್ಲಿ ನಮ್ಮ ಹೊಲದ ಜೋಳ ರಾಶಿಯಾದಾಗ ಅಪ್ಪ ಪಾಯಲಿಯಿಂದ ಅಳೆದು ಚೀಲಕ್ಕೆ ಸುರಿಯುತ್ತಿದ್ದರು, ನಾನು ಪಕ್ಕದಲ್ಲಿ ಎಣಿಸುತ್ತಿದ್ದೆ. ಮೊದಲ ಪಾಯಲಿಗೆ ಯಾರೂ ಒಂದು ಅನ್ನುವುದಿಲ್ಲ. ಲಾಭ ಅನ್ನಬೇಕು. ಲಾಭ, ಎರಡು, ಮೂರು, ಹೀಗೆ. ಮೊದಲ ವರ್ಷ ನಾನು ಲಾಭ ಎಂದು ಹೇಳಿ, ಮುಂದಿನ ಪಾಯಲಿಗೆ ಒಂದು ಎಂದೆ. ಅಪ್ಪ ನಕ್ಕರು. ಆಮೇಲೆ ಸುರಿದದ್ದನ್ನೆಲ್ಲ ತಿರುಗಿ ಅಳೆಸಿದರು.

"ಒಂದು ಅಂದ್ರ ಒಂಟಿ ಅನಸ್ತದವ್ವಾ. ಬೆಳಿ ಬಂದ ಕಣದಾಗ ಒಂಟಿ ಮಾತು ಬ್ಯಾಡಂತ ಲಾಭ ಅಂತೀವಿ. ಹೆಸರು ಬ್ಯಾರೆ ಆದ್ರೂ ಅದೂ ಒಂದು ಪಾಯಲೀನ. ಅದನ್ನ ಎಣಿಕಿಯಿಂದ ಬಿಡಬ್ಯಾಡ," ಎಂದಿದ್ದರು. ಇಪ್ಪತ್ತಕ್ಕೊಮ್ಮೆ ಒಂದು ಕಲ್ಲು ಇಡುವುದನ್ನೂ ಅವರೇ ಕಲಿಸಿದರು. ಯಾರಾದರೂ ಮಾತಾಡಿಸಿದರೆ ಇಪ್ಪತ್ತರೊಳಗಿನದಷ್ಟೇ ತಪ್ಪಬೇಕು, ಇಡೀ ರಾಶಿ ತಪ್ಪಬಾರದು.

ಬಿದಿರಿನ ಸೀಳಿಗೆ ತಂತಿ ಸುತ್ತಿ ಲಾಳಿಯ ಹಾಗೆ ಮಾಡಿಕೊಂಡೆ. ಅದನ್ನು ಉಂಗುರದ ತೂತಿನೊಳಗಿಂದ ಹಾಯಿಸಿ ಎಳೆಯುವುದು, ಮಗ್ಗುಲಿಗೆ ಒತ್ತಿ ಕೂರಿಸುವುದು, ಮತ್ತೆ ಹಾಯಿಸುವುದು. "ಹೊರಗ ನೋಡಿ ಎಣಿಸಬ್ಯಾಡ. ತೂತಿನಾಗ ಎಷ್ಟು ಸಲ ಹಾಯ್ತೋ ಅಷ್ಟ ಲೆಕ್ಕ," ಎಂದು ನಿಮ್ಮ ಅಜ್ಜ ಹೇಳಿದರು. ಲಾಭ, ಎರಡು, ಮೂರು. ಇಪ್ಪತ್ತಾದ ಕೂಡಲೇ ಆ ಸುತ್ತಿಗೆ ಒಂದು ಕೆಂಪು ದಾರ ಕಟ್ಟಿದೆ. ನಡುವೆ ಕೂಸು ಅತ್ತಿತು, ಎದ್ದು ಹಾಲು ಕೊಟ್ಟು ಬಂದು ಮತ್ತೆ ಕುಳಿತೆ. ಮೂರು ಕೆಂಪು ದಾರ ಕಟ್ಟುವ ಹೊತ್ತಿಗೆ ಬಿಸಿಲು ಇಳಿದಿತ್ತು. ಮೇಲೆ ಹತ್ತಿಯ ಪಟ್ಟಿ ಸುತ್ತಿ, ವಾರ್ನಿಷಿನಲ್ಲಿ ಅದ್ದಿ, ಎರಡು ದಿನ ಮಾಳಿಗೆಯ ಮೇಲೆ ಒಣಗಿಸಿದೆವು. ಆ ವಾಸನೆ ಹಪ್ಪಳಕ್ಕೂ ಹತ್ತಿತೆಂದು ಅತ್ತೆ ಒಂದು ವಾರ ಬೈದರು.

ಗಿರಣಿಯಲ್ಲಿ ಉಂಗುರವನ್ನು ಪೆಟ್ಟಿಗೆಯಲ್ಲಿ ಕೂರಿಸಿದವರು ರಾಚಪ್ಪ ಮೇಸ್ತ್ರಿ. ಮಂದ್ರೂಪದವರು, ಒಕ್ಕಲುತನ ಬಿಟ್ಟು ಗಿರಣಿಗೆ ಬಂದವರು, ನಿಮ್ಮ ಅಜ್ಜನಿಗಿಂತ ಹತ್ತು ವರ್ಷ ಹಿರಿಯರು. ಆ ದಿನ ನಿಮ್ಮ ಅಜ್ಜನನ್ನು ಬೇರೆ ಖಾತೆಗೆ ಕಳಿಸಿದ್ದರು. ಅವರು ಮರಳಿ ಬರುವಷ್ಟರಲ್ಲಿ ಪೆಟ್ಟಿಗೆ ಮುಚ್ಚಿತ್ತು. "ಕೇಬಲ್ಲು ಎಷ್ಟು ಸುತ್ತು?" ಎಂದು ಕೇಳಿದರು. "ಒಂದ," ಎಂದರು ರಾಚಪ್ಪ. ಉಂಗುರದ ಜೊತೆ ವಿಲಾಯತಿಯಿಂದ ಬಂದಿದ್ದ ಕಾಗದದಲ್ಲಿಯೂ ಒಂದು ಎಂದೇ ಇತ್ತು. ಮೋಟರು ಚಾಲೂ ಮಾಡಿದರು.

ನೂರಿಪ್ಪತ್ತರ ಬಳಿ ನಿಲ್ಲಬೇಕಾದ ಮುಳ್ಳು ಇನ್ನೂರ ನಲವತ್ತಕ್ಕೆ ಹೋಗಿ ನಿಂತಿತು.

ಮೋಟರು ಮುಟ್ಟಿ ನೋಡಿದರೆ ತಣ್ಣಗಿದೆ. ಎರಡು ಪಟ್ಟು ಬಿಜಲಿ ಖರೆಯಾಗಿ ಹರಿದಿದ್ದರೆ ಕೈ ಇಡಲಾಗದಷ್ಟು ಕಾಯಬೇಕಿತ್ತು. ಅಂದರೆ ಅಳತೆಯೇ ಸುಳ್ಳು ಹೇಳುತ್ತಿದೆ. ಇಂಜಿನಿಯರ ಸಾಹೇಬರು ವಯಸ್ಸಿನಲ್ಲಿ ಚಿಕ್ಕವರು, ಓದಿನಲ್ಲಿ ದೊಡ್ಡವರು. ಅವರು ನಿಂತಲ್ಲೇ ತೀರ್ಪು ಕೊಟ್ಟರು: ಸುತ್ತು ಅರ್ಧವಾದರೆ ಮುಳ್ಳು ಎರಡು ಪಟ್ಟು ತೋರಿಸುತ್ತದೆ. ಅರವತ್ತರ ಬದಲು ಮೂವತ್ತು ಸುತ್ತಿದ್ದೀರಿ. ಯಾರು ಸುತ್ತಿದ್ದು?

ನಿಮ್ಮ ಅಜ್ಜನಿಗೆ ಸುಳ್ಳು ಬರುತ್ತಿರಲಿಲ್ಲ. "ನಮ್ಮ ಮನಿಯಾಕಿ," ಎಂದರು. ಅಲ್ಲಿದ್ದವರೆಲ್ಲ ನಕ್ಕರಂತೆ.

ಮಧ್ಯಾಹ್ನ ಅವರು ಮನೆಗೆ ಬಂದಾಗ ಕೈಯಲ್ಲಿ ಒಂದು ಕಾಗದವಿತ್ತು. ಮರಾಠಿಯಲ್ಲಿ ಬರೆದದ್ದು. ಓದಿ ಹೇಳಿದರು. ಗಿರಣಿಯ ವಸ್ತುವನ್ನು ನಾನು ನನ್ನ ಹೆಂಡತಿಯ ಕೈಯಿಂದ ಸುತ್ತಿಸಿದ್ದೇನೆ, ಅದು ತಪ್ಪಾಗಿದೆ, ತಪ್ಪು ಒಪ್ಪಿ ಕೆಲಸ ಬಿಡುತ್ತೇನೆ. ಮರುದಿನ ಬೆಳಗಿನೊಳಗೆ ಸಹಿ ಆಗಬೇಕು. ಸಹಿ ಮಾಡಿದರೆ ಸುಮ್ಮನೆ ಬಿಡುತ್ತಾರೆ. ಮಾಡದಿದ್ದರೆ ಊರಿನ ಯಾವ ಗಿರಣಿಯ ಬಿಜಲಿ ಖಾತೆಯೂ ಇವರನ್ನು ಒಳಗೆ ಬಿಡದಂತೆ ಹೇಳಿ ಕಳಿಸುತ್ತಾರೆ.

ಅವರು ನನ್ನ ಕಡೆ ನೋಡದೆ ಕೇಳಿದರು. "ಖರೇ ಹೇಳು. ಅರವತ್ತು ಇದ್ದಾವಿಲ್ಲ?"

ಮಕ್ಕಳೇ, ಗಿರಣಿಯವರ ನಗೆ ನನಗೆ ತಾಗಲಿಲ್ಲ. ಈ ಮಾತು ತಾಗಿತು. ಅದಕ್ಕಿಂತ ಕೆಟ್ಟದ್ದೆಂದರೆ, ಒಂದು ಗಳಿಗೆ ನನಗೇ ಅನುಮಾನ ಬಂತು. ಕೂಸು ಅತ್ತಾಗ ಎದ್ದಿದ್ದೆನಲ್ಲ. ಒಲೆಯ ಮುಂದೆ ಕುಳಿತು ಬೆರಳ ಗೆಣ್ಣುಗಳ ಮೇಲೆ ಆ ದಿನವನ್ನೆಲ್ಲ ತಿರುಗಿ ಸುತ್ತಿದೆ. ಕೆಂಪು ದಾರ ಒಂದು, ಕಾಶಕ್ಕ ಬಂದು ಹೋದ ಮೇಲೆ. ಎರಡನೆಯದು, ಕೂಸು ಏಳುವ ಮೊದಲು. ಮೂರನೆಯದು, ಬಿಸಿಲು ಹೊಸ್ತಿಲು ದಾಟಿದಾಗ.

"ಅರವತ್ತು ಅವ," ಎಂದೆ. "ಸಹಿ ಮಾಡಬ್ಯಾಡ್ರಿ."

"ಹುಚ್ಚಿ. ಅವರು ಸಾಹೇಬರು."

"ಸಾಹೇಬ್ರು ಎಣಿಸ್ಯಾರೇನು? ಬಿಚ್ಚಿ ಎಣಿಸ್ಲಿ. ಮೂವತ್ತ ಬಂದ್ರ ನಾನ ಹೆಬ್ಬಟ್ಟು ಒತ್ತತೀನಿ."

"ನಿಂಗ ಸಹಿ ಮಾಡಾಕ ಬರ್ತದಲ್ಲ?"

"ತಪ್ಪಾದ್ರ ಹೆಬ್ಬಟ್ಟ ಸಾಕು."

ಅತ್ತೆ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದ್ದರು. ಈಗ ನನಗೆ ಬೈಗುಳ ಬೀಳುತ್ತದೆ ಎಂದುಕೊಂಡೆ. ಅವರು ಮಗನ ಕಡೆ ತಿರುಗಿದರು. "ಲೇ, ನಮ್ಮ ಮನಿ ಹೆಣ್ಣಮಗಳು ತಪ್ಪು ಮಾಡ್ಯಾಳಂತ ಕಾಗದದಾಗ ಬರದು ಊರಿಗಿ ಹಂಚ್ತಿಯೇನು? ಈಕಿಗಿ ಬೈಯಾಕ ನಾ ಅದೀನಿ. ಅವರ್ಯಾರು?"

ಮರುದಿನ ಬೆಳಗಿನ ಭೋಂಗಾ ಕೂಗುವ ಮೊದಲೇ ಅತ್ತೆ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದರು. ನಾನು ಸೆರಗು ಹಣೆಯ ತನಕ ಎಳೆದುಕೊಂಡೆ. ನಿಮ್ಮ ಅಜ್ಜ ಮುಂದೆ, ನಾವು ಹತ್ತು ಹೆಜ್ಜೆ ಹಿಂದೆ. ಆ ವಾರ ಬಿಸಿಗಾಳಿ ಬೆಳಗಿನಿಂದಲೇ ಬೀಸುತ್ತಿತ್ತು. ಬೇವಿನ ಒಣ ಎಲೆಗಳು ನಮಗಿಂತ ಮುಂದೆ ಉರುಳುತ್ತ ಗಿರಣಿಯ ಬಾಗಿಲು ಮುಟ್ಟುತ್ತಿದ್ದವು.

ಆ ಗಿರಣಿಯಲ್ಲಿ ನೂಲು ಸುತ್ತುವ ಖಾತೆಯ ತುಂಬ ಹೆಂಗಸರಿದ್ದರು. ಆದರೆ ಮೋಟರಿನ ಕೋಣೆಗೆ ಯಾವ ಹೆಂಗಸೂ ಕಾಲಿಟ್ಟಿರಲಿಲ್ಲ. ನಾನು ಬಾಗಿಲಲ್ಲಿ ಗೋಡೆಗೆ ಅಂಟಿ ನಿಂತೆ. ಮೋಟರು ಗುಂಯ್ ಎನ್ನುತ್ತಿತ್ತು, ನೆಲದ ನಡುಕ ಅಂಗಾಲಿಗೆ ಬರುತ್ತಿತ್ತು. ಗೋಡೆಯ ಮೇಲಿನ ಮೀಟರಿನಲ್ಲಿ ಮುಳ್ಳು ಇನ್ನೂರ ನಲವತ್ತರಲ್ಲಿ. ನಿಮ್ಮ ಅಜ್ಜ ಕಾಗದವನ್ನು ಸಹಿಯಿಲ್ಲದೆ ಮೇಜಿನ ಮೇಲಿಟ್ಟು, ಉಂಗುರವನ್ನು ಬಿಚ್ಚಿ ಎಣಿಸಬೇಕೆಂದು ಕೇಳಿಕೊಂಡರು.

ಸಾಹೇಬರ ಮಾತೂ ಅವರೊಡನೆ ಗಂಡಸರಾಡಿದ ಮಾತೂ ಮರಾಠಿಯಲ್ಲಿದ್ದವು, ನಾನು ನಮ್ಮ ಮಾತಿನಲ್ಲಿ ಬರೆಯುತ್ತೇನೆ. "ಬಿಚ್ಚಿದರೆ ಅದು ಕೆಲಸಕ್ಕೆ ಬಾರದು. ಆದರೂ ಆಗಲಿ, ನಿನ್ನ ಸಮಾಧಾನಕ್ಕೆ. ರಾಚಪ್ಪ, ಮೀಟರಿನ ತಂತಿ ಬಿಚ್ಚು," ಎಂದು ಸಿಟ್ಟಿನಲ್ಲಿ ಹೇಳಿದರು. ರಾಚಪ್ಪ ಮೇಸ್ತ್ರಿ ತಿರುಪು ಬಿಚ್ಚುವ ಪಾನಾ ಎತ್ತಿಕೊಂಡು ಮೀಟರಿನ ಬಳಿ ಹೋದರು. ಮೋಟರು ಇನ್ನೂ ತಿರುಗುತ್ತಿತ್ತು. ನಿಮ್ಮ ಅಜ್ಜ ಕಾಗದ ಮಡಿಸುತ್ತ ಆ ಕಡೆ ಬೆನ್ನು ಮಾಡಿದ್ದರು.

"ಕೈ ಹಚ್ಚಬ್ಯಾಡ್ರಿ!"

ಆ ದನಿ ಯಾರದು ಎಂದು ನಾನೇ ಹುಡುಕಿದೆ. ನನ್ನದೇ. ಎಲ್ಲರೂ ತಿರುಗಿದ್ದರು. ನಿಲ್ಲಿಸಿದರೆ ಮತ್ತೆ ಬಾಯಿ ಏಳುವುದಿಲ್ಲವೆಂದು ಒಂದೇ ಉಸಿರಿನಲ್ಲಿ ಹೇಳಿದೆ. "ಅಣ್ಣಾ, ಮೊದಲ ಮೋಟರ ನಿಂದ್ರಲಿ. ಹರಿಯಾಗ ಬಿಚ್ಚಿದ್ರ ಹ್ವಾದ ಸಲದ ಗತಿ ಆಗ್ತದ."

ರಾಚಪ್ಪ ಕೈ ಹಿಂದೆ ಎಳೆದುಕೊಂಡರು. ಅವರ ಹಣೆಯ ಮೇಲೆ ಬೆವರು ಕಂಡಿತು. ಸಾಹೇಬರ ಮುಖ ಕೆಂಪಾಯಿತು. "ಇವಳಿಗೆ ಯಾರು ಹೇಳಿದರು?" ಎಂದು ಕೇಳಿದರು, ಮೋಟರು ನಿಲ್ಲಿಸಲು ತಾವೇ ಹೋದರು. ಲಾಟು ನಿಧಾನವಾಗುತ್ತ, ಪಟ್ಟಿಗಳು ಪಟಪಟ ಎನ್ನುತ್ತ, ಇಡೀ ಖಾತೆ ಸುಮ್ಮನಾಯಿತು. ಕೆಲಸ ನಿಂತದ್ದು ಕಂಡು ನೂಲು ಸುತ್ತುವ ಹೆಂಗಸರು ಒಬ್ಬೊಬ್ಬರಾಗಿ ನಮ್ಮ ಹಿಂದೆ ಬಂದು ನಿಂತರು.

ರಾಚಪ್ಪ ಪೆಟ್ಟಿಗೆ ತೆರೆದು, ನಮ್ಮ ಕಡೆ ಬೆನ್ನು ಮಾಡಿ ಕುಳಿತು, ಕೇಬಲ್ಲಿನ ತುದಿ ಬಿಚ್ಚಿ ಉಂಗುರ ಹೊರತೆಗೆದರು. ಸಾಹೇಬರು ಅದನ್ನು ಮೇಜಿನ ಮೇಲಿಟ್ಟು, "ಹೂಂ ಬಾಯಿ, ಎಣಿಸಿ ತೋರಿಸು" ಎಂದರು.

ಮೇಲಿನ ಪಟ್ಟಿಯನ್ನು ಕತ್ತರಿಸಿದೆ. ತಂತಿಯ ತುದಿ ಹಿಡಿದು ತೂತಿನೊಳಗಿಂದ ಎಳೆದೆ. "ಲಾಭ."

ಸಾಹೇಬರು ನಕ್ಕರು. "ಒಂದು ಎಲ್ಲಿ ಹೋಯಿತು? ಈಕೆಗೆ ಒಂದೂ ಬರುವುದಿಲ್ಲವಲ್ಲ. ಇವಳೇನು ಅರವತ್ತು ಎಣಿಸುತ್ತಾಳೆ?"

"ಇಲ್ರಿ ಸಾಹೇಬ್ರ," ಎಂದರು ರಾಚಪ್ಪ. "ನಮ್ಮ ಕಡಿ ರಾಶಿ ಅಳಿಯಾಗ ಮೊದಲನೇದಕ್ಕ ಲಾಭ ಅಂತಾರ್ರಿ. ಅದು ಒಂದನ್ರಿ."

"ಎರಡು," ಎಂದೆ. "ಮೂರು." ಹತ್ತು ದಾಟಿದ ಮೇಲೆ ಹಿಂದಿನ ಹೆಂಗಸರು ನನ್ನೊಂದಿಗೆ ಎಣಿಸತೊಡಗಿದರು, ಅರ್ಧ ಕನ್ನಡ, ಅರ್ಧ ಮರಾಠಿ, ಒಬ್ಬಳು ತೆಲುಗು. ಮೊದಲು ಸಿಕ್ಕಿದ್ದು ನಾನು ಕೊನೆಗೆ ಕಟ್ಟಿದ ಕೆಂಪು ದಾರ. ಇಪ್ಪತ್ತು ಸುತ್ತಿನ ಆಚೆ ಎರಡನೆಯದು. ಮೂವತ್ತು ದಾಟಿದಾಗ ಸಾಹೇಬರು ಕೈಕಟ್ಟಿದ್ದನ್ನು ಬಿಚ್ಚಿದರು. ನಲವತ್ತಕ್ಕೆ ಮೂರನೆಯ ದಾರ ಕಂಡಿತು. ಕೊನೆಯ ಸುತ್ತು ಕೈಗೆ ಬಂದಾಗ ಹೆಂಗಸರೇ ಕೂಗಿದರು, "ಅರವತ್ತು!"

ಅತ್ತೆ ಕೂಸನ್ನು ಇನ್ನೊಂದು ಕಂಕುಳಿಗೆ ಬದಲಿಸಿ, "ಗಿರಣಿ ನೂಲೆಲ್ಲಾ ಸುತ್ತವರು ಹೆಣ್ಣಮಕ್ಕಳ ಅಲ್ಲೇನು? ಅದು ಮಾತ್ರ ಬರಬರಿ ಇರ್ತದ!" ಎಂದು ಯಾರ ಮುಖವನ್ನೂ ನೋಡದೆ ಹೇಳಿದರು.

ಸಾಹೇಬರು ಸೋಲಲಿಲ್ಲ. "ಸರಿ, ಅರವತ್ತು. ಹಾಗಾದರೆ ಕಬ್ಬಿಣ ಕೆಟ್ಟಿದೆ. ಅಥವಾ ನಿನ್ನ ಗಂಡ ಮೀಟರು ಕೆಡಿಸಿದ್ದಾನೆ. ಎರಡು ಪಟ್ಟು ತೋರಿಸಿದ್ದು ಸುಳ್ಳೇ?"

ಅದು ಸುಳ್ಳಲ್ಲ. ಎಣಿಕೆ ಸರಿಯಾದರೂ ನಾವು ಉಳಿದಿರಲಿಲ್ಲ. ನಾನು ತಲೆ ತಗ್ಗಿಸಿದೆ. ಹಾಗೆ ತಗ್ಗಿಸಿದ್ದರಿಂದಲೇ ಕಂಡಿತು. ತೆರೆದ ಪೆಟ್ಟಿಗೆಯಿಂದ ಕೇಬಲ್ಲು ಕೆಳಗೆ ಜೋತು ಬಿದ್ದಿತ್ತು. ಹೆಬ್ಬೆರಳಿಗಿಂತ ದಪ್ಪ, ಹೊಸ ರಬ್ಬರು. ನೆಟ್ಟಗೆ ಜೋತಿರಲಿಲ್ಲ. ಬಿಚ್ಚಿದ ಜಡೆಯ ಕೂದಲಿನಲ್ಲಿ ಮಡಿಕೆ ಉಳಿಯುವ ಹಾಗೆ ನಡುವೆ ಬಳೆಯಂಥ ಒಂದು ಸುರುಳಿ ಉಳಿದಿತ್ತು. ಗೂಟಕ್ಕೆ ಒಂದು ಸುತ್ತು ಹಾಕಿದ ಹಗ್ಗದ ಸುರುಳಿ ಅದು. ನಮ್ಮ ಕೊಟ್ಟಿಗೆಯಲ್ಲಿ ದಿನಾ ನೋಡಿದ್ದು.

"ಅಣ್ಣಾ," ಎಂದೆ, "ಉಂಗುರ ಹ್ಯಾಂಗ ಕೂಡ್ಸಿದ್ರಿ?"

ರಾಚಪ್ಪ ಕೇಬಲ್ಲು ಎತ್ತಿ ತೋರಿಸಿದರು. "ಬೆಣಿ ಸುಟ್ಟಿತ್ತು ತಂಗಿ. ಉಂಗುರ ಜಾರ್ತಿತ್ತು. ಹೊಸಾ ಕೇಬಲ್ಲು ಉದ್ದ ಇತ್ತು. ತೂತಿನಾಗ ಹಾಯ್ಸಿ, ಜಾರಬಾರದಂತ ಗೂಟಕ್ಕ ಹಗ್ಗ ಹಾಕ್ದಾಂಗ ಒಂದು ಸುತ್ತು ಹಾಕಿ ಬಿಗದ್ಯಾ. ಒಂದ ಸುತ್ತು. ಕಾಗದದಾಗೂ ಒಂದ ಅದ."

"ಸುತ್ತು ಹಾಕೂಕಿಂತ ಮೊದಲ ಒಮ್ಮಿ ಹಾಯ್ಸಿದ್ರಲ್ಲ?"

"ಹೂಂ. ಅದು ನೆಟ್ಟಗ ಹಾಯ್ದದ್ದು. ಸುತ್ತಲ್ಲ ಅದು."

"ಅದನ್ನ ಎಣಿಸಿದ್ರೇನು?"

ರಾಚಪ್ಪ ಕೇಬಲ್ಲು ನೋಡಿದರು, ನನ್ನನ್ನು ನೋಡಿದರು. ಮಂದ್ರೂಪದ ಕಣದಲ್ಲಿ ಎಷ್ಟು ರಾಶಿ ಅಳೆದಿದ್ದರೋ ಆ ಮನುಷ್ಯ. ಪಾನಾ ಕೆಳಗಿಟ್ಟು ಹಣೆಗೆ ಹೊಡೆದುಕೊಂಡರು.

"ಅಯ್ಯ ಶಿವನ! ಲಾಭ ಬಿಟ್ಟೀನ್ರಿ ಸಾಹೇಬ್ರ. ನೆಟ್ಟಗ ಹಾಯ್ದದ್ದು ಲಾಭ, ಸುತ್ತಿ ಹಾಯ್ದದ್ದು ಎರಡು. ಎರಡು ಸಲ ಹಾಯ್ದದ!"

ನಿಮ್ಮ ಅಜ್ಜ ಆಗಲೇ ಕೇಬಲ್ಲನ್ನು ಕೈಯಲ್ಲಿ ಹಿಡಿದಿದ್ದರು. ಅದೇ ಬಿಜಲಿ ತೂತಿನೊಳಗಿಂದ ಎರಡು ಸಲ ಹಾಯ್ದರೆ ಉಂಗುರಕ್ಕೆ ಎರಡು ಪಟ್ಟು ಅನಿಸುತ್ತದೆ. ಉಂಗುರ ಸುಳ್ಳು ಹೇಳಿರಲಿಲ್ಲ. ತನ್ನೊಳಗಿಂದ ಹಾಯ್ದದ್ದನ್ನು ಹಾಯ್ದಷ್ಟೇ ಹೇಳಿತ್ತು.

"ಇದು ಬಾಯಿಮಾತು. ತೋರಿಸಬೇಕು," ಎಂದರು ಸಾಹೇಬರು.

ತೋರಿಸಿದೆವು. ಅದೇ ಮೇಜಿನ ಮುಂದೆ ನೆಲದ ಮೇಲೆ ಕುಳಿತು, ಅದೇ ತಂತಿಯನ್ನು ಅದೇ ಉಂಗುರಕ್ಕೆ ಸುತ್ತಿದೆ. ಈ ಸಲ ಅಷ್ಟು ಕಣ್ಣುಗಳ ನಡುವೆ. ಸೆರಗು ಜಾರಿತು, ಎಳೆದುಕೊಳ್ಳಲು ಕೈ ಬಿಡುವಿರಲಿಲ್ಲ. ಅತ್ತೆಯೇ ಬಂದು ತಲೆಯ ಮೇಲೆ ಹೊದಿಸಿ ಹೋದರು. ನಲವತ್ತಕ್ಕೆ ಬಂದಾಗ ಸಾಹೇಬರು ಏನೋ ಕೇಳಿದರು. ನಾನು ತಲೆ ಎತ್ತಲಿಲ್ಲ. ಮಧ್ಯಾಹ್ನದ ಭೋಂಗಾ ಕೂಗುವ ಹೊತ್ತಿಗೆ ಅರವತ್ತಾಯಿತು. ರಾಚಪ್ಪ ಹೊಸ ಬೆಣೆ ಕೆತ್ತಿ ಇಟ್ಟಿದ್ದರು. ಕೇಬಲ್ಲನ್ನು ನೆಟ್ಟಗೆ ಒಂದೇ ಸಲ ಹಾಯಿಸಿ, ಹಾಯಿಸುವಾಗ ದೊಡ್ಡ ದನಿಯಲ್ಲಿ "ಲಾಭ!" ಎಂದರು. ಹೆಂಗಸರು ನಕ್ಕರು. ಈ ನಗೆಯೇ ಬೇರೆ.

ಮೋಟರು ಎದ್ದಿತು. ಲಾಟು ತಿರುಗಿತು. ಯಂತ್ರಗಳನ್ನೆಲ್ಲ ಹಚ್ಚಿದರು. ಮುಳ್ಳು ಏರಿ, ನಡುಗಿ, ನೂರಿಪ್ಪತ್ತರ ಬಳಿ ನಿಂತಿತು.

ಸಾಹೇಬರು ಮೇಜಿನ ಬಳಿ ಹೋಗಿ, ಸಹಿಯಿಲ್ಲದ ಕಾಗದ ಹರಿದು, ಹೊಸದು ತೆಗೆದು ಬರೆದರು. ಉಂಗುರ ಸರಿಯಿದೆ, ಜೋಡಣೆಯಲ್ಲಿ ತಪ್ಪಾಗಿತ್ತು, ತಿದ್ದಲಾಗಿದೆ. ನಿಮ್ಮ ಅಜ್ಜನಿಗೆ, "ನಾಳೆ ಹೊತ್ತಿಗೆ ಸರಿಯಾಗಿ ಬಾ" ಎಂದರು. ಅಷ್ಟೇ. ನಿಮ್ಮ ಅಜ್ಜನ ಮುಖದಲ್ಲಿ ರಕ್ತ ಮರಳಿ ಬಂದದ್ದನ್ನು ನೋಡಿದೆ. ಅಷ್ಟಕ್ಕೆ ಹೊರಡಬೇಕಿತ್ತು. ಅತ್ತೆ ನನ್ನ ಮೊಣಕೈ ಎಳೆಯುತ್ತಿದ್ದರು. ನನಗೆ ಹೊರಡಲಾಗಲಿಲ್ಲ.

"ಯಾರು ಸುತ್ತಿದ್ದು ಅಂತ ಬರೀರಿ," ಎಂದೆ.

ಸಾಹೇಬರಿಗೆ ಕೇಳಿಸಲಿಲ್ಲವೋ ಏನೋ. ನಿಮ್ಮ ಅಜ್ಜ ಮರಾಠಿಯಲ್ಲಿ ಹೇಳಿದರು. "ಅದರ ಜರೂರಿ ಇಲ್ಲ," ಎಂದರು ಸಾಹೇಬರು.

"ತಪ್ಪು ಅಂತ ಬರಿಯಾಗ ಜರೂರಿ ಇತ್ತಲ್ರಿ?"

ಇದನ್ನು ನಿಮ್ಮ ಅಜ್ಜ ಮರಾಠಿಗೆ ತಿರುಗಿಸಲಿಲ್ಲ. ತಿರುಗಿಸುವ ಅಗತ್ಯವೂ ಇರಲಿಲ್ಲ. ಸಾಹೇಬರು ಮಸಿಯ ದೌತಿಯ ಮುಚ್ಚಳ ಹಾಕಿದರು. ಬರೆಯಲಿಲ್ಲ.

ದಾರಿಯಲ್ಲಿ ನಿಮ್ಮ ಅಜ್ಜ ನಮ್ಮ ಮುಂದೆ ಹತ್ತು ಹೆಜ್ಜೆ ನಡೆಯಲಿಲ್ಲ. ಮಗ್ಗುಲಲ್ಲಿ ನಡೆದರು. ಓಣಿಯವರು ನೋಡಿದರು. "ನಿನ್ನ ಕೇಳಬಾರದಿತ್ತು," ಎಂದರು, "ಅರವತ್ತು ಅವ ಇಲ್ಲ ಅಂತ."

"ಕೇಳಿದ್ದು ತಪ್ಪಲ್ಲ. ಮಾರಿ ನೋಡಿ ಕೇಳಬೇಕಿತ್ತು," ಎಂದೆ.

ಅತ್ತೆ ಆ ಸಂಜೆ ನಳದ ಮುಂದೆ ಚಾಳಿನ ಎಂಟೂ ಮನೆಗೆ ಕಥೆ ಹೇಳಿದರು. ಅವರ ಕಥೆಯಲ್ಲಿ ಸಾಹೇಬರಿಗೆ ಉತ್ತರ ಕೊಟ್ಟವರೆಲ್ಲ ಅವರೇ. ಮನೆಗೆ ಬಂದು, ಹಪ್ಪಳಕ್ಕೆ ಹತ್ತಿದ ವಾರ್ನಿಷಿನ ವಾಸನೆಗೆ ಮತ್ತೆ ನನ್ನನ್ನು ಬೈದರು.

ಮುಂದೆ ನಿಮ್ಮ ಅಜ್ಜ ಇನ್ನೂ ಎಷ್ಟೋ ಉಂಗುರಗಳನ್ನು ಚೀಲದಲ್ಲಿ ತಂದರು. ನಾನು ಸುತ್ತಿದೆ. ಪಟ್ಟಿಯ ಕೆಳಗೆ ಯಾರಿಗೂ ಕಾಣದಲ್ಲಿ, ಇಪ್ಪತ್ತಕ್ಕೊಂದು ಕೆಂಪು ದಾರ ಕಟ್ಟಿದೆ. ಆ ಗಿರಣಿ ಈಗ ಮುಚ್ಚಿದೆ, ಸಾಮಾನುಗಳು ಗುಜರಿಗೆ ಹೋದವಂತೆ. ಎಲ್ಲಾದರೂ ಯಾರಾದರೂ ಹಳೆಯ ಉಂಗುರವೊಂದನ್ನು ಒಡೆದು ಒಳಗೆ ಕೆಂಪು ದಾರ ಕಂಡರೆ, ಅದು ಏನೆಂದು ಅವರಿಗೆ ತಿಳಿಯದು. ನಿಮಗೆ ತಿಳಿದಿರಲಿ.

ಗಂಡನ ಹೆಸರನ್ನು ನಾನು ಎಂದೂ ಬಾಯಿಂದ ಹೇಳಿದವಳಲ್ಲ. ಅವರು ಹೋಗಿ ಒಂಬತ್ತು ವರ್ಷವಾದರೂ ಹೇಳಲು ನಾಲಿಗೆ ಏಳುವುದಿಲ್ಲ. ಕೈಗೆ ಆ ನಿರ್ಬಂಧವಿಲ್ಲ. ಸಿದ್ರಾಮಪ್ಪ. ಆ ಕಾಗದಕ್ಕೆ ಸಹಿ ಮಾಡದ ಮನುಷ್ಯ. ಮತ್ತು ಸಾಹೇಬರು ಬರೆಯದೆ ಬಿಟ್ಟ ಸಾಲನ್ನು ಇಲ್ಲಿ ನಾನೇ ಬರೆಯುತ್ತಿದ್ದೇನೆ: ಆ ಉಂಗುರವನ್ನು ಎರಡೂ ಸಲ ಸುತ್ತಿದವಳು ಮೈಂದರ್ಗಿಯ ಗಂಗವ್ವ. ಸುತ್ತು ಅರವತ್ತು.

ಈ ಹಾಳೆಗಳನ್ನು ಕೆಂಪು ದಾರದಿಂದ ಹೊಲಿದಿದ್ದೇನೆ. ಟ್ರಂಕಿನಲ್ಲಿ ಅಜ್ಜನ ಪಾನಾ ಇದೆಯಲ್ಲ, ಅದರ ಕೆಳಗೆ ಇಡಿ. ಇಲಿ ಮುಟ್ಟದಂತೆ, ನೀರು ತಾಗದಂತೆ ನೋಡಿಕೊಳ್ಳಿ. ನಿಮ್ಮ ಮಕ್ಕಳಿಗೆ ಕನ್ನಡ ಬಾರದಿದ್ದರೆ ನೀವೇ ಓದಿ ಹೇಳಿ. ಆಗಾಗ ತೆಗೆದು ಎಣಿಸಿ ನೋಡಿ, ಎಲ್ಲ ಇವೆಯೋ ಎಂದು. ಮೊದಲ ಹಾಳೆಯ ತಲೆಗೆ ಅಂಕಿ ಕಾಣಲಿಲ್ಲವೆಂದು ಹುಡುಕಬೇಡಿ. ಅಲ್ಲಿ ಲಾಭ ಎಂದು ಬರೆದಿದ್ದೇನೆ. ಅದನ್ನು ಬಿಟ್ಟು ಎಣಿಸಬೇಡಿ.